ತಾಳ ಕೇಳದೆ ಕದಲದ ಚಂದ್ರಿ

ಬೆಳಗಿನ ಐದೂವರೆ. ಚಾಮರಾಜಪೇಟೆಯ ಆ ಓಣಿಗೆ ಹಾಲಿನವರೂ ಇನ್ನೂ ಬಂದಿಲ್ಲ. ತಗಡಿನ ಲಾಯದೊಳಗೆ ರುದ್ರಾಣಿ ಬಿಳಿ ಕುದುರೆಯ ಮುಂಗಾಲನ್ನು ಮಂಡಿಯ ಮೇಲಿಟ್ಟುಕೊಂಡು ಗೊರಸಿನ ಸಂದಿಯ ಮಣ್ಣು ಕೆರೆಯುತ್ತಿದ್ದಾರೆ. ಕೆಲಸ ಮುಗಿದ ಮೇಲೆ ಏಳಲು ಗೋಡೆ ಹಿಡಿಯಬೇಕಾಗುತ್ತದೆ. "ಯುಗಾದಿಗೆ ಮುಂಚೆ ನಾನು ಹಿಂಗಿರ್ಲಿಲ್ಲ ಸಾರ್" ಎನ್ನುತ್ತಾರೆ, ತಪ್ಪು ಮಾಡಿದವರ ಹಾಗೆ.

ವಯಸ್ಸು ಐವತ್ತಾರು. ಗಂಡ ಶಂಭುಲಿಂಗಪ್ಪ ಮೊದಲು ತರಗುಪೇಟೆಯ ಮೂಟೆಗಳನ್ನು ಕುದುರೆಗಾಡಿಯಲ್ಲಿ ಸಾಗಿಸುತ್ತಿದ್ದರು. ಆ ಕೆಲಸ ಕೈಬಿಟ್ಟ ಮೇಲೆ ಈ ಬಿಳಿ ಕುದುರೆ ಚಂದ್ರಿಯನ್ನು ತಂದು ಮದುವೆ ಮೆರವಣಿಗೆಗಳಿಗೆ ಪಳಗಿಸಿದರು. ಆರು ವರ್ಷದ ಹಿಂದೆ ಅವರು ತೀರಿಕೊಂಡಾಗ ರುದ್ರಾಣಿ ಹಾಸಿಗೆ ಹಿಡಿದರು. ಸೊಂಟನೋವು ಒಂದು ಕಡೆ, ಯಾರ ಮುಖವೂ ಬೇಡವೆನ್ನುವ ಮನಸ್ಸು ಇನ್ನೊಂದು ಕಡೆ. ಆದರೆ ಹಸಿದ ಕುದುರೆ ಸುಮ್ಮನಿರುವುದಿಲ್ಲವಲ್ಲ! ದಿನಕ್ಕೆ ಎರಡು ಕೆಜಿ ಹುರುಳಿ, ಮೂರು ಹೊರೆ ಹುಲ್ಲು, ಮೂರು ಬಿಂದಿಗೆ ನೀರು. ಏಳಲೇಬೇಕಾಯಿತು.

ನಡೆದಾಡಿಸದಿದ್ದರೆ ಕುದುರೆಯ ಕಾಲು ಊದಿಕೊಳ್ಳುತ್ತದೆ. ಆದರೆ ಚಂದ್ರಿ ಬೀದಿಗೆ ಬಂದು ಕಂಬದಂತೆ ನಿಂತಳು. ತಮಟೆ ಬಾರಿಸಿದರೆ ಹೆಜ್ಜೆ, ತಮಟೆ ನಿಂತರೆ ಕುದುರೆಯೂ ನಿಲ್ಲಬೇಕು: ಶಂಭುಲಿಂಗಪ್ಪ ಕಲಿಸಿದ್ದ ಪಾಠ ಅದು. ಆ ಗಳಿಗೆಯಲ್ಲಿ ರುದ್ರಾಣಿಗೆ ಅದು ಹೊಳೆಯಲಿಲ್ಲ.

"ಮೊಂಡಾಟ ಅಂದ್ಕೊಂಡು ಚಾಟಿಲಿ ಹೊಡ್ದ್‌ಬಿಟ್ಟೆ. ಆಗ್ಲೂ ಕದಲಲಿಲ್ಲ, ನನ್ನನ್ನೇ ನೋಡಿದ್ಲು. ಆ ಏಟು ನನಗಿನ್ನೂ ನೋಯುತ್ತೆ."

ಮೂರನೆಯ ದಿನ ಸೋತು ಜೀನಿನ ಮೇಲೆ ಅಂಗೈ ಬಡಿದಾಗ ಕುದುರೆ ತಾನಾಗಿ ನಡೆಯಿತು. ಆಮೇಲೆ ಸೀರೆ ಬಿಟ್ಟು ಚೂಡಿದಾರ್ ತೊಟ್ಟು, ನೆರೆಯವರ ನಗುವಿಗೆ ಸೊಪ್ಪು ಹಾಕದೆ, ರುದ್ರಾಣಿ ತಾವೇ ಹತ್ತಿದರು. ದಿನವೂ ಹನುಮಂತನಗರದವರೆಗೆ ಹೋಗಿಬರುತ್ತಿದ್ದರು. ವರ್ಷದೊಳಗೆ ಸೊಂಟನೋವಿಗೆ ಕಟ್ಟುತ್ತಿದ್ದ ಪಟ್ಟಿ ಗೂಟ ಸೇರಿತು. ಹಸಿವು ಬಂತು, ನಿದ್ದೆಯೂ ಬಂತು. "ಮೇಲೆ ಕೂತ್ರೆ ಬೆನ್ನು ತಾನಾಗೇ ನೆಟ್ಟಗಾಗುತ್ತೆ. ತಲೆ ತಗ್ಗಿಸ್ಕೊಂಡು ಕುದುರೆ ಓಡ್ಸೋಕಾಗಲ್ಲ ಸಾರ್."

ಹಾಗಿದ್ದವರು ಯುಗಾದಿಯಿಂದ ಈಚೆಗೆ ಕುದುರೆ ಹತ್ತಿಲ್ಲ. ಚಂದ್ರಿಗೀಗ ಇಪ್ಪತ್ತೊಂದು ವರ್ಷ. ದೊಡ್ಡವರ ಭಾರ ಇನ್ನು ಬೇಡ, ಮಕ್ಕಳನ್ನು ಬೇಕಾದರೆ ದೀಪಾವಳಿಯವರೆಗೆ ಕೂರಿಸಿ ಎಂದಿದ್ದಾರೆ ಪಶುವೈದ್ಯರು. ಕುದುರೆಯಲ್ಲಿ ಉಳಿದ ಬಲವನ್ನೆಲ್ಲ ರುದ್ರಾಣಿ ಧೃತಿಗೆ ಮೀಸಲಿಟ್ಟಿದ್ದಾರೆ.

ಧೃತಿ, ಬಸವನಗುಡಿಯ ಶಿಕ್ಷಕಿ ಪ್ರತಿಭಾ ಅವರ ಒಂಬತ್ತು ವರ್ಷದ ಮಗಳು. ಹುಟ್ಟಿನಿಂದಲೇ ಬಲಗೈ, ಬಲಗಾಲಿನಲ್ಲಿ ಸ್ವಾಧೀನ ಕಡಿಮೆ. ಡಾಕ್ಟರೇ ಸವಾರಿ ಮಾಡಿಸಿ ನೋಡಿ ಎಂದಿದ್ದರು. ವರ್ಷದಲ್ಲಿ ಹುಡುಗಿಯ ನಡು ಗಟ್ಟಿಯಾಗಿದೆ, ಆಸರೆಯಿಲ್ಲದೆ ಕೂರುತ್ತಾಳೆ. ಆದರೆ ಬಲಗೈ ಮುಷ್ಟಿ ಮಾತ್ರ ಬಿಚ್ಚಿಲ್ಲ. ರುದ್ರಾಣಿ ಬೇಕೆಂದೇ ಅವಳ ಎಡಗೈಗೆ ಜೀನಿನ ಪಟ್ಟಿ ಹಿಡಿಸುತ್ತಾರೆ. ತಾಳ ಹಾಕಲು ಉಳಿಯುವುದು ಬಲಗೈ. ಮುಷ್ಟಿಯಿಂದ ಗುದ್ದಿದರೆ ಚಂದ್ರಿ ಕಿವಿ ಅಲ್ಲಾಡಿಸುತ್ತಾಳೆ, ಅಷ್ಟೆ. ಅವಳಿಗೆ ಅಂಗೈಯ ಸದ್ದೇ ಬೇಕು. ಐದು ನಿಮಿಷ ಕಾದು ಕೊನೆಗೆ ರುದ್ರಾಣಿಯೇ ತಟ್ಟುವುದು ರೂಢಿಯಾಗಿದೆ.

ಇವತ್ತು ಧೃತಿ ಜೀನಿನ ಮೇಲೆ ಕೂತು ಹತ್ತು ನಿಮಿಷವಾದರೂ ರುದ್ರಾಣಿ ತಟ್ಟಿಲ್ಲ. ಪ್ರತಿಭಾ ಅವರಿಗೆ ತಡೆಯಲಾಗುತ್ತಿಲ್ಲ. "ಸಾಕು ರುದ್ರಾಣಮ್ಮ, ನೀವೇ ತಟ್ಬಿಡಿ."

"ಇರಿ ಮೇಡಂ. ಇವರಿಬ್ಬರಿಗೂ ಅವಸರ ಇಲ್ಲ."

ಅವಸರ ಇರುವುದು ರುದ್ರಾಣಿಗೇ. ದೀಪಾವಳಿಗೆ ದಿನ ಎಣಿಸುತ್ತಿರುವವರು ಅವರೇ ತಾನೆ? ಹುಡುಗಿ ಹಲ್ಲು ಕಚ್ಚಿದ್ದಾಳೆ. ಮೊದಲು ಹೆಬ್ಬೆರಳು ಹೊರಬರುತ್ತದೆ, ಆಮೇಲೆ ಎರಡು ಬೆರಳು. ಅರೆಬಿಚ್ಚಿದ ಅಂಗೈ ಜೀನಿನ ಮೇಲೆ ಬೀಳುತ್ತದೆ. ಪಕ್ಕದಲ್ಲಿದ್ದವರಿಗೂ ಸರಿಯಾಗಿ ಕೇಳಿಸದ ಸದ್ದು ಚಂದ್ರಿಗೆ ಕೇಳಿಸಿದೆ. ನಾಲ್ಕು ಹೆಜ್ಜೆ ನಡೆದು, ಮುಂದಿನ ತಾಳಕ್ಕಾಗಿ ನಿಲ್ಲುತ್ತಾಳೆ.

ಪ್ರತಿಭಾ ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡು ಅಳುತ್ತಾರೆ. ರುದ್ರಾಣಿ ಅಳುವುದಿಲ್ಲ. ಕುದುರೆಯ ಕುತ್ತಿಗೆ ಸವರುತ್ತ, ಒಂದನ್ನು ಬಿಟ್ಟು ತಮಗೆ ಇನ್ನೇನೂ ಬೇಡವೆನ್ನುತ್ತಾರೆ. "ಚಂದ್ರಿ ಲಾಯದಲ್ಲೇ ಉಳಿದ್ಮೇಲೂ ಈ ಮಗು ಬರ್ಬೇಕು ಸಾರ್, ಬೆಲ್ಲ ತಿನ್ಸೋಕೆ. ಕುದುರೆಗೆ ಬೆಲ್ಲ ಕೊಡೋವಾಗ ಅಂಗೈ ಪೂರ್ತಿ ಬಿಚ್ಚಿರ್ಬೇಕು."