ಮೊಸರಕ್ಕನ ಎರಡು ಕೋಣೆ

ಬೀದಿದೀಪಗಳು ಇನ್ನೂ ಆರಿಲ್ಲ. ಆಹಾರ ಪರೀಕ್ಷಾ ಪ್ರಯೋಗಾಲಯದ ಹಿಂಬಾಗಿಲಲ್ಲಿ ಕಾವಲುಗಾರ ಕುರ್ಚಿಯಲ್ಲೇ ತೂಕಡಿಸುತ್ತಿದ್ದಾನೆ. ಮೇಲಿನ ಮಹಡಿಯ ಕೊನೆಯ ಕೋಣೆಯಲ್ಲಿ ಮಾತ್ರ ಬೆಳಕಿದೆ. ಅಲ್ಲಿ ಬಿಳಿ ನಿಲುವಂಗಿ ತೊಟ್ಟ ಹೆಂಗಸೊಬ್ಬರು ಹಸಿ ಸೊಪ್ಪಿನ ಎಲೆಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ಇಳಿಸಿ, ಅಳೆದ ದ್ರಾವಣ ಸುರಿದು, ಮಲಗಿದ ಕೂಸನ್ನು ತೂಗುವಷ್ಟು ಮೆಲ್ಲಗೆ ಅತ್ತಿತ್ತ ಆಡಿಸುತ್ತಿದ್ದಾರೆ.

"ಜೋರಾಗಿ ಕುಲುಕಬಾರದು. ಎಲೆ ಹರಿದ್ರೆ ರಸ ಬಿಟ್ಕೊಳ್ಳತ್ತೆ, ಆಮೇಲೆ ಪರೀಕ್ಷೆ ಕೈ ಕೊಡತ್ತೆ," ಎನ್ನುತ್ತಾರೆ, ಕಣ್ಣೆತ್ತದೆ. "ನಮಗೆ ಎಲೆ ಬೇಡ. ಎಲೆ ಮೈಗೆ ಅಂಟ್ಕೊಂಡಿರೋದು ಬೇಕು."

ಅವರು ಹುಡುಕುತ್ತಿರುವುದು ವೈರಸ್ಸನ್ನು. ಊಟದ ಜತೆ ಹೊಟ್ಟೆಗಿಳಿದು ವಾಂತಿ ಭೇದಿ ತರಿಸುವ, ಇಲ್ಲವೇ ಯಕೃತ್ತಿಗೆ ಕೈ ಹಾಕುವ ಜಾತಿಯದು. ಅದಕ್ಕೆ ವಾಸನೆಯಿಲ್ಲ, ರುಚಿಯಿಲ್ಲ. ಅದು ಕೂತ ಊಟ ಹಳಸುವುದೂ ಇಲ್ಲ. ಎಲೆ ತೊಳೆದ ನೀರನ್ನು ಗರಗರ ತಿರುಗಿಸಿ, ಅದರಲ್ಲಿರುವುದನ್ನೆಲ್ಲ ತಳಕ್ಕೆ ಇಳಿಸಿ, ಆ ಚೂರು ಗಸಿಯಿಂದ ವೈರಸ್ಸಿನ ವಂಶದ ಗುರುತನ್ನು ಬಿಡಿಸಿ ಯಂತ್ರಕ್ಕೆ ಕೊಡಬೇಕು. ಗುರುತು ಇದ್ದರೆ ಪರದೆಯ ಮೇಲೆ ಒಂದು ಗೆರೆ ಮೇಲಕ್ಕೇಳುತ್ತದೆ, ಇಲ್ಲದಿದ್ದರೆ ಚಪ್ಪಟೆ ಮಲಗಿರುತ್ತದೆ. ಇಷ್ಟಕ್ಕೆ ಇಡೀ ದಿನ ಬೇಕು. ಆದ್ದರಿಂದಲೇ ಅವರು ಹಕ್ಕಿಗಳಿಗಿಂತ ಮುಂಚೆ ಬರುತ್ತಾರೆ.

ಐವತ್ತು ದಾಟಿದ ಈ ತಂತ್ರಜ್ಞೆ ಇಡೀ ಕಟ್ಟಡಕ್ಕೆ ಮೊಸರಕ್ಕ. ಯಂತ್ರ ಓಡುವ ಹೊತ್ತಲ್ಲಿ ಅವರು ಕೈತೊಳೆದು, ಮೇಲಿಂದ ಕೆಳಗಿನವರೆಗೆ ಬಟ್ಟೆ ಬದಲಿಸಿ, ಎದುರಿನ ಕೋಣೆಗೆ ಹೋಗುತ್ತಾರೆ. ಅಲ್ಲಿ ಮೊಸರು, ಚೀಸ್, ಹುದುಗು ಬರಿಸಿದ ತರಕಾರಿ. ಅವುಗಳೊಳಗಿನ ಬ್ಯಾಕ್ಟೀರಿಯಾಗಳಲ್ಲಿ ಹೊಟ್ಟೆಗೆ ಒಳ್ಳೆಯದು ಮಾಡಬಲ್ಲವು ಯಾವುವು ಎಂದು ಗುರುತಿಸುವುದು ಆ ಕೋಣೆಯ ಕೆಲಸ. "ಮೊದಮೊದಲು ಆ ಹೆಸರು ಕೇಳಿ ಸಿಟ್ಟು ಬರ್ತಿತ್ತು. ಆಮೇಲೆ, ವಾಂತಿಯಕ್ಕ ಅನ್ನಿಸ್ಕೊಳ್ಳೋದಕ್ಕಿಂತ ಇದೇ ವಾಸಿ ಅನ್ನಿಸ್ತು," ಎಂದು ನಗುತ್ತಾರೆ.

ಎರಡು ಕೋಣೆಗಳ ನಡುವೆ ಒಂದು ಕಾರಿಡಾರ್ ಅಷ್ಟೇ. ಆದರೆ ಈ ಕೋಣೆಯಲ್ಲಿ ಅವರ ಮುಖವೇ ಬೇರೆ. ಗಾಜಿನ ತಟ್ಟೆಯಲ್ಲಿ ಸಾಸಿವೆಯಷ್ಟು ದಪ್ಪದ ಬಿಳಿ ಚುಕ್ಕಿಗಳು ಎದ್ದಿರುತ್ತವೆ. ಒಂದಕ್ಕೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಡಿ ಇಟ್ಟರೆ ನೇರಳೆ ಕಡ್ಡಿಗಳು ಸಾಲುಗಟ್ಟುತ್ತವೆ. ಅವನ್ನು ಹೊಟ್ಟೆಯೊಳಗಿನಷ್ಟೇ ಹುಳಿಯಾದ ದ್ರಾವಣದಲ್ಲಿ ಬಿಟ್ಟು ನೋಡುತ್ತಾರೆ, ಪಿತ್ತರಸದಲ್ಲಿ ಬಿಟ್ಟು ನೋಡುತ್ತಾರೆ. ಬದುಕುಳಿದವನ್ನು ಮುಂದಿನ ಪರೀಕ್ಷೆಗೆ ಕಳಿಸುತ್ತಾರೆ. "ಅಲ್ಲಿರೋದು ಕಾಣಿಸ್ಕೊಳ್ಳಲ್ಲ, ಬೆಳೆಯೋದೂ ಇಲ್ಲ. ಇವು ಪಾಪ, ಸ್ವಲ್ಪ ಬೆಚ್ಚಗಿಟ್ಟು ಊಟ ಕೊಟ್ರೆ ಸಾಕು, ಬೆಳಗಾಗೋಷ್ಟರಲ್ಲಿ ಮನೆ ತುಂಬಾ ಮಕ್ಕಳು."

ಕೆಲಸ ಮೈ ತಿನ್ನುತ್ತದೆ. ಕೈಗವಸು ಹಾಕಿ ಹಾಕಿ ಬೆರಳ ಸಂದುಗಳು ಒಡೆದಿವೆ. ಶೀತಲ ಕೋಣೆಗೆ ಹೋಗಿ ಬಂದರೆ ಮೊಣಕಾಲು ಹಿಡಿದುಕೊಳ್ಳುತ್ತದೆ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿರುವ ಗಂಡನ ದೂರು ಬೇರೆಯದೇ. "ಇವಳನ್ನ ಹೋಟೆಲಿಗೆ ಕರ್ಕೊಂಡು ಹೋಗೋದೇ ಬಿಟ್ಟಿದೀನಿ ಸರ್. ತಿಂಡಿ ಏನಿದೆ ಅಂತ ಕೇಳಲ್ಲ, ಬಡಿಸೋನ ಉಗುರು ನೋಡ್ತಾಳೆ!"

ಈ ಕೆಲಸಕ್ಕೇ ಏಕೆ ಬಂದಿರಿ ಎಂದು ಕೇಳಿದರೆ ಮೊಸರಕ್ಕ ಅಮ್ಮನ ಕಥೆ ಹೇಳುತ್ತಾರೆ.

ಅಮ್ಮ ಒಂದು ವಸತಿಶಾಲೆಯಲ್ಲಿ ಅಡುಗೆಯವರಾಗಿದ್ದರು. ಅಡುಗೆಮನೆಯ ಹಿಂದಿನ ಒಂಟಿ ಕೋಣೆಯಲ್ಲೇ ತಾಯಿ ಮಗಳ ಬಿಡಾರ. ಮಕ್ಕಳೆಲ್ಲ ಅಮ್ಮನ ಕೈರುಚಿಗೆ ಸೋತವರು. ಮೊಸರಕ್ಕ ಇನ್ನೂ ಪ್ರಾಥಮಿಕ ಶಾಲೆಯಲ್ಲಿದ್ದಾಗ, ಒಂದು ಬೆಳಿಗ್ಗೆ ಮಲಗುವ ಕೋಣೆಯ ಮಕ್ಕಳು ಒಬ್ಬರಾದ ಮೇಲೊಬ್ಬರು ವಾಂತಿ ಮಾಡತೊಡಗಿದರು. ಹೆಚ್ಚಿನವರು ಚೇತರಿಸಿಕೊಂಡರು. ಎಲ್ಲರಿಗಿಂತ ಚಿಕ್ಕ ಹುಡುಗಿಯೊಬ್ಬಳು ಉಳಿಯಲಿಲ್ಲ.

"ಪಾತ್ರೆ ಎಲ್ಲಾ ಆಗ್ಲೇ ತೊಳೆದಾಗಿತ್ತು. ಯಾರೂ ಏನೂ ಪರೀಕ್ಷೆ ಮಾಡಲಿಲ್ಲ. ಅಡುಗೆ ಮಾಡಿದ್ದು ಯಾರು, ಇವಳು. ಮುಗೀತು. ಯಾರೂ ಬೈಲಿಲ್ಲ ಕೂಡ. ಅಮ್ಮನ ಕೈ ನೋಡೋರು, ಮುಖ ತಿರುಗಿಸೋರು. ವಾರದೊಳಗೆ ನಾವು ಗಂಟುಮೂಟೆ ಕಟ್ಟಿದ್ವಿ."

ಅಮ್ಮ ಲಾಂಡ್ರಿಯೊಂದರಲ್ಲಿ ಇಸ್ತ್ರಿ ಕೆಲಸಕ್ಕೆ ಸೇರಿದರು. ಅಂದಿನಿಂದ ಅವರು ಯಾರಿಗೂ ತಮ್ಮ ಕೈಯಾರೆ ಅಡುಗೆ ಮಾಡಿ ಹಾಕಿಲ್ಲ, ಸ್ವಂತ ಮಗಳಿಗೂ. ಬಾಡಿಗೆ ಮನೆಯ ಅಡುಗೆಕೋಣೆಯ ಹೊಸ್ತಿಲಾಚೆ ಕೂತು, ಒಳಗೆ ಸ್ಟೂಲಿನ ಮೇಲೆ ನಿಂತ ಮಗಳಿಗೆ ಹೇಳಿಕೊಡುತ್ತಿದ್ದರು: ಉರಿ ಸಣ್ಣ ಮಾಡು, ಉಪ್ಪು ಹಾಕು, ಸಾಕು, ಇಳಿಸು. "ಬೇರೆ ಹೆಣ್ಣುಮಕ್ಕಳು ಅಮ್ಮನ ಕೈ ನೋಡಿ ಅಡುಗೆ ಕಲೀತಾರೆ. ನಾನು ಅಮ್ಮನ ದನಿ ಕೇಳಿ ಕಲಿತೆ," ಎನ್ನುತ್ತಾರೆ ಮೊಸರಕ್ಕ. ಮದುವೆಯಾದಾಗ ಅಮ್ಮನನ್ನು ತಮ್ಮ ಜತೆಯಲ್ಲೇ ಕರೆತಂದರು. ಮನೆ ಬದಲಾಯಿತು, ಹೊಸ್ತಿಲಾಚೆಯ ಆ ಜಾಗ ಬದಲಾಗಲಿಲ್ಲ.

ಕಳೆದ ವರ್ಷದ ಸಂಗತಿಯೊಂದನ್ನು ಇಲ್ಲಿ ಹೇಳಲೇಬೇಕು. ನರ್ಸಿಂಗ್ ಓದುವ ಹುಡುಗಿಯರ ಹಾಸ್ಟೆಲಿನಲ್ಲಿ ಒಮ್ಮೆಲೇ ಹಲವರು ಕಾಯಿಲೆ ಬೀಳುತ್ತಾರೆ. ಹಿಂದಿನ ದಿನದ ಊಟಕ್ಕೆ ಹಸಿ ಸೊಪ್ಪು, ಸೌತೆಕಾಯಿ, ಮೊಸರು ಇದ್ದವು. ಮೊಸರು ತಂದುಕೊಡುವವರು ಪಕ್ಕದ ಬೀದಿಯ ವಿಧವೆ, ಮನೆಯಲ್ಲೇ ಹೆಪ್ಪು ಹಾಕಿ ಮಾರುವವರು. ಎಲ್ಲರ ಬೆರಳು ಅವರತ್ತಲೇ ತಿರುಗುತ್ತದೆ. ಹಾಸ್ಟೆಲಿನವರು ಅವರ ಪಾತ್ರೆಗಳನ್ನು ಗೇಟಿನ ಹೊರಗಿಡುತ್ತಾರೆ. ಬೀದಿಯವರೂ ಕೊಳ್ಳುವುದನ್ನು ನಿಲ್ಲಿಸುತ್ತಾರೆ. ಫ್ರಿಜ್ಜಿನಲ್ಲಿ ಉಳಿದಿದ್ದ ಸೊಪ್ಪು, ಮೊಸರು ಮತ್ತು ಹಾಸ್ಟೆಲಿನ ನೆಲದಡಿಯ ತೊಟ್ಟಿಯ ನೀರು ಮೊಸರಕ್ಕನ ಮೇಜಿಗೆ ಬರುತ್ತವೆ.

ಅವತ್ತು ಏನನ್ನಿಸಿತು?

"ಮೊಸರಲ್ಲಿ ಇರಬಾರದು, ಇರಬಾರದು ಅಂತ ಒಳಗೊಳಗೇ ಬೇಡ್ಕೊಳ್ತಿದ್ದೆ. ಆಮೇಲೆ ನನಗೇ ಭಯ ಆಯ್ತು. ಹೀಗೆ ಬೇಡ್ಕೊಳ್ಳೋಳು ಪರೀಕ್ಷೆ ಮಾಡಬಾರದಲ್ವಾ? ಅದಕ್ಕೇ ಪಕ್ಕದ ಮೇಜಿನೋಳಿಗೆ, ಮೊಸರು ನೀನೂ ಒಂದ್ಸಲ ಬೇರೆಯಾಗಿ ಮಾಡು, ನನಗೆ ತೋರಿಸಬೇಡ ಅಂದೆ."

ಸೊಪ್ಪಿನ ಗೆರೆ ಮೇಲೆದ್ದಿತು. ತೊಟ್ಟಿಯ ನೀರಿನದೂ ಎದ್ದಿತು. ಇಬ್ಬರೂ ಮಾಡಿದ ಮೊಸರಿನ ಪರೀಕ್ಷೆಯಲ್ಲಿ ಗೆರೆ ಚಪ್ಪಟೆ ಮಲಗಿತ್ತು. ನೆಲದಡಿ ಒಡೆದ ಚರಂಡಿಯ ಕೊಳವೆಯಿಂದ ತೊಟ್ಟಿಗೆ ಕೊಳೆನೀರು ಸೇರುತ್ತಿದ್ದುದು ಆಮೇಲೆ ಅಗೆದಾಗ ಕಂಡಿತು. ಆ ನೀರಲ್ಲಿ ಸೊಪ್ಪು ತೊಳೆದಿದ್ದರು. ಎದುರು ಕೋಣೆಯಲ್ಲಿ ಅದೇ ಮೊಸರಿನಿಂದ ಎದ್ದ ಬ್ಯಾಕ್ಟೀರಿಯಾಗಳಲ್ಲಿ ಒಂದು ಹುಳಿಯನ್ನೂ ಪಿತ್ತವನ್ನೂ ಗೆದ್ದು ಬಂದಿತು. ಮೇಲಧಿಕಾರಿ ಅದನ್ನು ಮುಂದಿನ ಅಧ್ಯಯನಕ್ಕೆಂದು ಜೋಪಾನವಾಗಿ ಎತ್ತಿಡಿಸಿದರು.

ವರದಿ ಕಳಿಸಿದ ದಿನ ಸಂಜೆ ಮನೆಗೆ ಹೋಗಿ ಫಲಿತಾಂಶ ಹೇಳಿದಾಗ ಅಮ್ಮ ಬಟ್ಟೆ ಮಡಿಸುತ್ತಿದ್ದರಂತೆ.

"ಆ ಮೊಸರಿನವಳಿಗೆ ಹೇಳಿದ್ರಾ?"

"ಕಚೇರಿಗೆ ವರದಿ ಕಳಿಸಿದೀವಮ್ಮ. ಮೊಸರಲ್ಲಿ ಪತ್ತೆಯಾಗಿಲ್ಲ ಅಂತ ಬರೆದಿದೆ."

"ಪತ್ತೆಯಾಗಿಲ್ಲ ಅಂದ್ರೆ? ಇತ್ತು, ನಿಮಗೆ ಸಿಗಲಿಲ್ಲ ಅಂತಾನಾ?"

"ನಾವು ಹಾಗೇ ಬರೀಬೇಕಮ್ಮ. ಇಲ್ಲವೇ ಇಲ್ಲ ಅಂತ ಯಾವ ಮಿಷನ್ನೂ ಹೇಳಲ್ಲ."

"ನಿಮ್ಮ ಮಿಷನ್ ಹಾಳಾಗ್ಲಿ. ಒಬ್ರಾದ್ರೂ ಅವಳ ಎದುರಿಗೆ ನಿಂತು, ತಾಯಿ, ನಿನ್ನಿಂದ ಆದದ್ದಲ್ಲ ಅಂತ ಹೇಳಿದ್ರಾ?"

ಮರುದಿನ ಮೊಸರಕ್ಕ ಮೇಲಧಿಕಾರಿಯ ಬಾಗಿಲು ತಟ್ಟಿದರು. ಹೀಗೆ ಹೋಗಿ ಹೇಳುವ ಪದ್ಧತಿ ಇಲ್ಲ ಎಂದು ಅವರು ಮೊದಲು ರಾಗ ಎಳೆದರು. ಆಮೇಲೆ ಮೇಜಿನ ಮೇಲಿದ್ದ ಕಡತ ಮುಚ್ಚಿ, "ನಡೀರಿ, ನಾನೂ ಬರ್ತೀನಿ," ಎಂದರು.

ಮೊಸರು ಮಾರುವಾಕೆಯ ಮನೆಯ ಕಿಟಕಿಗಳು ಮುಚ್ಚಿದ್ದವು. ಪಾತ್ರೆಗಳು ಅಂಗಳದಲ್ಲಿ ಬೋರಲು ಬಿದ್ದಿದ್ದವು. ಅರ್ಧ ತೆರೆದ ಬಾಗಿಲ ಹಿಂದೆ ನಿಂತೇ ಆಕೆ ಎಲ್ಲ ಕೇಳಿಸಿಕೊಂಡರು. "ನನ್ನ ಕಿವೀಲಿ ಹೇಳಿದ್ರೆ ಏನು ಬಂತು ಸ್ವಾಮಿ? ಬೀದಿಗೆ ಕೇಳೋ ಹಂಗೆ ಹೇಳಿ," ಎಂದರು. ಮೇಲಧಿಕಾರಿ ನಿಜಕ್ಕೂ ಬೀದಿಯ ನಡುವೆ ನಿಂತು, ಅಭ್ಯಾಸವಿಲ್ಲದ ಗಂಟಲನ್ನು ಏರಿಸಿ, ಕಾಯಿಲೆ ತಂದದ್ದು ತೊಟ್ಟಿಯ ನೀರು, ಈಕೆಯ ಮೊಸರಲ್ಲ ಎಂದು ಹೇಳಿದರು. ಮಹಡಿಗಳಿಂದ ತಲೆಗಳು ಇಣುಕಿದವು. ಎದುರುಮನೆಯಾಕೆ ಆ ಸಂಜೆಯೇ ಪಾತ್ರೆ ಹಿಡಿದು ಬಂದರಂತೆ. ಕೆಲವರು ಇವತ್ತಿಗೂ ಬಂದಿಲ್ಲ.

ಹೊರಡುವಾಗ ಆಕೆ ಮೊಸರಕ್ಕನ ಕೈಗೆ ಸಣ್ಣ ಬಟ್ಟಲೊಂದನ್ನು ಕೊಟ್ಟರು. ಒಳಗೆ ಒಂದೆರಡು ಚಮಚ ಮೊಸರು. ಯಾರೂ ಕೊಳ್ಳದ ಆ ದಿನಗಳಲ್ಲೂ ಆಕೆ ದಿನಾ ಒಂದು ಲೋಟ ಹಾಲಿಗೆ ಹೆಪ್ಪು ಹಾಕುತ್ತಲೇ ಇದ್ದರು. "ನನ್ನ ಮೇಲಿನ ಸಿಟ್ಟಿಗೆ ಹೆಪ್ಪು ಯಾಕೆ ಸಾಯಬೇಕು?" ಎಂದರಂತೆ. ತೆಗೆದುಕೊಳ್ಳಲೋ ಬೇಡವೋ ಎಂದು ಮೊಸರಕ್ಕ ಅಧಿಕಾರಿಯ ಮುಖ ನೋಡಿದರೆ, ಅವರು, "ಹೆಪ್ಪಿಗೆ ಯಾರೂ ಲಂಚ ಅನ್ನಲ್ಲ, ತಗೊಳ್ರೀ," ಎಂದು ಮುಂದೆ ನಡೆದರು.

ಬಟ್ಟಲನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಮೊಸರಕ್ಕ ನಡೆದದ್ದನ್ನೆಲ್ಲ ಅಮ್ಮನಿಗೆ ಹೇಳಿದರು. ಮರುದಿನ ಬೆಳಿಗ್ಗೆ ನೋಡಿದರೆ ಕಟ್ಟೆಯ ಮೇಲೆ ತಟ್ಟೆ ಮುಚ್ಚಿದ ಪಾತ್ರೆ. ಒಳಗೆ, ಚಮಚ ಇಟ್ಟರೆ ನಿಲ್ಲುವಂಥ ಗಟ್ಟಿ ಮೊಸರು.

"ನಾನು ಪಾತ್ರೆ ಹಿಡ್ಕೊಂಡು ನಿಂತೇಬಿಟ್ಟೆ. ಬಡಿಸಮ್ಮ ಅಂದೆ. ನೀನೇ ಹಾಕ್ಕೋ ಅಂದು ಆಚೆ ಹೋಗಿ ಕೂತಳು."

ಅಂದಿನಿಂದ ಮನೆಯ ಮೊಸರು ಅಮ್ಮನದು. ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿಲ್ಲ. ಈ ಬರಹಕ್ಕಾಗಿ ನಾನು ಅವರ ಮನೆಗೆ ಹೋದ ದಿನವೂ ಅಮ್ಮ ಹೊಸ್ತಿಲಾಚೆ ಬೆತ್ತದ ಕುರ್ಚಿಯಲ್ಲಿ ಕೂತಿದ್ದಾರೆ. ಕೈಗಳು ಮಡಿಲಲ್ಲಿವೆ. ಆ ವಸತಿಶಾಲೆಯ ಬಗ್ಗೆ ಕೇಳಲು ನಾನು ಹಿಂಜರಿಯುತ್ತಿರುವುದನ್ನು ಕಂಡು ತಾವೇ ಮಾತು ತೆಗೆಯುತ್ತಾರೆ. "ಆ ಕೂಸು ಯಾವುದರಿಂದ ಹೋಯ್ತು ಅಂತ ನನಗೆ ಗೊತ್ತಿಲ್ಲಪ್ಪ. ಬಾವಿ ನೀರೋ, ಹಾಲೋ, ನನ್ನ ಕೈಯೋ. ಇವಳು ಇಷ್ಟು ಓದಿದಾಳೆ. ಆದ್ರೆ ಅವತ್ತಿನ ಊಟ ಎಲ್ಲಿಂದ ತರ್ತಾಳೆ?"

ಮೊಸರಕ್ಕ ಒಳಗೆ ತರಕಾರಿ ಹೆಚ್ಚುತ್ತಿದ್ದಾರೆ. ಒಗ್ಗರಣೆಯ ಚಟಪಟದ ನಡುವೆ ಹೊಸ್ತಿಲಾಚೆಯಿಂದ ದನಿ ಬರುತ್ತದೆ: "ಉರಿ ಸಣ್ಣ ಮಾಡೇ." ಐವತ್ತು ದಾಟಿದ ಮಗಳು ಉರಿ ಸಣ್ಣ ಮಾಡುತ್ತಾರೆ.

ಬಸ್ ನಿಲ್ದಾಣದವರೆಗೆ ನನ್ನನ್ನು ಬಿಡಲು ಬಂದಾಗ, ಇನ್ನೇನು ಆಸೆ ಇದೆ ಎಂದು ಕೇಳುತ್ತೇನೆ. ದೊಡ್ಡ ಯಂತ್ರ, ಬಡ್ತಿ, ಅಂಥದ್ದೇನಾದರೂ ಹೇಳಬಹುದು ಎಂದುಕೊಂಡಿದ್ದೇನೆ. ಅವರು ಒಡೆದ ಬೆರಳುಗಳನ್ನು ಉಜ್ಜಿಕೊಳ್ಳುತ್ತ ನಡೆಯುತ್ತಾರೆ.

"ಒಂದು ದಿನ ನಾನು ಕೆಲಸದಿಂದ ಬರೋ ಹೊತ್ತಿಗೆ ಅಮ್ಮ ಒಲೆ ಮುಂದೆ ನಿಂತಿರಬೇಕು. ಕೈಕಾಲು ತೊಳ್ಕೊಂಡು ಬಾ, ಊಟಕ್ಕೆ ಹಾಕ್ತೀನಿ ಅನ್ನಬೇಕು. ಏನು ಮಾಡಿದ್ರೂ ಸರಿ. ಉಪ್ಪು ಜಾಸ್ತಿ ಆಗಿದ್ರೂ ಸರಿ, ತಳ ಹತ್ತಿದ್ರೂ ಸರಿ." ಬಸ್ಸು ಬರುವುದು ಕಾಣಿಸುತ್ತದೆ. ಅವರು ಕೈ ಅಡ್ಡ ಹಿಡಿದು ನಿಲ್ಲಿಸುತ್ತಾರೆ. "ಪರೀಕ್ಷೆ ಮಾಡದೆ ತಿಂತೀನಿ."