ಕುಸುಮಾವತಿಯ ಹಸಿರು ಬಟ್ಟೆ

ಇವತ್ತು ಎಣಿಸುವವರು ಯಾರು?

ಬೆಳಿಗ್ಗೆ ಹಲ್ಲುಜ್ಜುವಾಗ ತಲೆಗೆ ಹೊಕ್ಕ ಈ ಪ್ರಶ್ನೆ ಮಧ್ಯಾಹ್ನ ಒಂದೂವರೆಯಾದರೂ ನಿಶ್ಮಿತಾಳನ್ನು ಬಿಟ್ಟಿರಲಿಲ್ಲ. ಮಗುವಿಗೆ ಊಟ ಮಾಡಿಸಿದಳು, ಒಣಗಿದ ಬಟ್ಟೆ ಮಡಚಿದಳು, ಗ್ಯಾಸ್ ಆಫ್ ಆಗಿದೆಯೇ ಎಂದು ಮೂರು ಸಲ ಹೋಗಿ ನೋಡಿದಳು. ಆಫ್ ಆಗಿತ್ತು. ಪ್ರಶ್ನೆ ಇದ್ದಲ್ಲೇ ಇತ್ತು.

ಮೆಲ್ಬರ್ನಿನ ಹೊರವಲಯದ ಕ್ರೇಗಿಬರ್ನ್‌ನ ಅವಳ ಮನೆಯಿಂದ ಒಂದೂವರೆ ಗಂಟೆ ದೂರದ ಮಣ್ಣಿನ ಟ್ರ್ಯಾಕಿನಲ್ಲಿ ಗಂಡ ಪ್ರೀತಮ್ ಮೂರೂವರೆಗೆ ಸ್ಟಾಕ್ ಕಾರ್ ರೇಸಿಗೆ ಇಳಿಯಲಿದ್ದ. ಜೊತೆಗೆ ಮಾವ ಅಣ್ಣು ಒಬ್ಬರೇ. ‘ಅಣ್ಣು ಆಂಡ್ ಸನ್ ರೇಸಿಂಗ್’ ಎಂಬ ಅವರ ಟೀಮಿಗೆ ಇದು ನೂರನೆಯ ರೇಸು. ೨೦೦೮ರ ಏಪ್ರಿಲ್, ಸೀಸನ್ನಿನ ಕೊನೆಯ ಭಾನುವಾರ. ‘೧೦೦’ ಎಂದು ಕೆನೆಯಲ್ಲಿ ಬರೆಸಿದ್ದ ಕೇಕು ಆಗಲೇ ಫ್ರಿಜ್ಜಿನಲ್ಲಿ ಕೂತಿತ್ತು. ಮೊದಲ ಎರಡನ್ನು ಬಿಟ್ಟರೆ ಉಳಿದ ತೊಂಬತ್ತೇಳು ರೇಸಿಗೂ ಕಾರು ಹೊರಡುವ ಮುಂಚೆ ‘ಸರಿ’ ಎಂದವರು ಒಬ್ಬರೇ, ಅತ್ತೆ ಕುಸುಮಾವತಿ. ಆ ಅತ್ತೆ ಈಗ ಸಿಡ್ನಿಯ ವೆಸ್ಟ್‌ಮೀಡ್‌ನ ಫ್ಲ್ಯಾಟಿನಲ್ಲಿ ಹೊಸ ಮಂಡಿ ಹಾಕಿಸಿಕೊಂಡು, ದಿಂಬಿನ ಮೇಲೆ ಕಾಲು ಚಾಚಿ ಮಲಗಿದ್ದರು.

ಕುಸುಮಾವತಿ ಮೂಲ್ಕಿಯ ಕಡೆಯವರು. ಮದುವೆಗೆ ಮುಂಚೆ ಮಂಗಳೂರಿನ ಒಂದು ನರ್ಸಿಂಗ್ ಹೋಮಿನಲ್ಲಿ ಆಪರೇಷನ್ ಕತ್ತರಿ, ಚಿಮಟ ತೊಳೆದು ಕುದಿಸಿ ಇಡುವ ಕೆಲಸ. ಮದುವೆಯಾಗಿ ಸಿಡ್ನಿಗೆ ಬಂದ ಮೇಲೆ ಅಣ್ಣುವಿಗೆ ಬಸ್ಸು ರಿಪೇರಿಯ ಶೆಡ್ಡಿನಲ್ಲಿ ಕೆಲಸ ಸಿಕ್ಕಿತು. ಕುಸುಮಾವತಿಗೆ ದೊಡ್ಡಾಸ್ಪತ್ರೆಯಲ್ಲಿ ಮತ್ತೆ ಅದೇ ಕತ್ತರಿ, ಅದೇ ಚಿಮಟ. ಒಂದೊಂದು ಆಪರೇಷನ್ನಿಗೆ ಒಂದೊಂದು ಟ್ರೇ. ಟ್ರೇಯಲ್ಲಿ ಇಷ್ಟೇ ಸಾಮಾನು ಎಂಬ ಪಟ್ಟಿ. ಹೋಗುವಾಗ ಎಣಿಸಬೇಕು, ಬಂದಾಗ ಎಣಿಸಬೇಕು. ಹದಿನೈದು ವರ್ಷ ಅವರು ಹೀಗೆ ಎಣಿಸುತ್ತಲೇ ಬಂದವರು. ತನ್ನ ಮಂಡಿಯ ಆಪರೇಷನ್ನಿಗೆ ಗಾಲಿ ಮಂಚದ ಮೇಲೆ ಹೋಗುವಾಗಲೂ “ನನ್ನ ಟ್ರೇ ಇಟ್ಟದ್ದು ಯಾರು?” ಎಂದು ವಿಚಾರಿಸಿಕೊಂಡೇ ಒಳಗೆ ಹೋದರಂತೆ.

ಟೀಮು ಹುಟ್ಟಿದ್ದು ೨೦೦೨ರಲ್ಲಿ. ಗುಜರಿಗೆ ಹೋಗಲಿದ್ದ ಒಂದು ಹಳೇ ಕಾರನ್ನು ಅಣ್ಣು ಫ್ಲ್ಯಾಟಿನ ಪಾರ್ಕಿಂಗಿಗೆ ಎಳೆದು ತಂದರು. ಸೀಟು ಕಿತ್ತರು, ಗಾಜು ತೆಗೆದರು, ಒಳಗೆ ಕಬ್ಬಿಣದ ಪೈಪು ಬೆಸೆದು ಪಂಜರ ಮಾಡಿದರು, ಹಳದಿ ಬಣ್ಣ ಬಳಿದರು. ಬೇರೆ ಟೀಮುಗಳ ಕಾರಿಗೆ ಮೈತುಂಬ ಕಂಪನಿಗಳ ಸ್ಟಿಕ್ಕರು. ಇವರಿಗೆ ಸಿಕ್ಕಿದ್ದು ಒಬ್ಬನೇ ದಾನಿ, ಐದು ಕಿಲೋ ಕುಚ್ಚಲಕ್ಕಿ ಕೊಟ್ಟ ಇಂಡಿಯನ್ ಅಂಗಡಿಯವನು. ಅವನ ಹೆಸರನ್ನು ಹಿಂದಿನ ಬಂಪರಿನ ಮೇಲೆ ದೊಡ್ಡದಾಗಿ ಬರೆದರು. ಮೊದಲ ರೇಸಿನ ಎರಡನೇ ಸುತ್ತಿಗೇ ಬಂಪರು ಬಿದ್ದುಹೋಯಿತು.

“ಅಕ್ಕಿ ಉಂಟಲ್ಲ, ಅದು ಬೀಳ್ಲಿಲ್ಲ,” ಎಂದು ಕುಸುಮಾವತಿ ಸಂಜೆ ಗಂಜಿ ಬಡಿಸಿದರು.

ಎರಡನೆಯ ರೇಸು ನಗುವಂಥದ್ದಾಗಿರಲಿಲ್ಲ. ಬಾನೆಟ್ಟಿನೊಳಗೆ ಯಾರೋ ಮರೆತಿಟ್ಟ ಸ್ಪಾನರೊಂದು ತಿರುವಿನಲ್ಲಿ ಜಾರಿ ಆಕ್ಸಿಲರೇಟರಿನ ಕಡ್ಡಿಗೆ ಸಿಕ್ಕಿಕೊಂಡಿತು. ಕಾಲು ತೆಗೆದರೂ ಕಾರು ನಿಲ್ಲಲಿಲ್ಲ. ನೇರವಾಗಿ ಹೋಗಿ ಬೇಲಿಗೆ ಗುದ್ದಿತು. ಅಣ್ಣುವಿನ ಹೆಗಲಿನ ಎಲುಬು ಮುರಿಯಿತು. ‘ಯಾರೋ’ ಎಂದರೆ ಅಣ್ಣುವೇ.

ಆಸ್ಪತ್ರೆಯ ಮಂಚದ ಪಕ್ಕ ನಿಂತು ಕುಸುಮಾವತಿ ಹೇಳಿದ ಮಾತನ್ನು ಆ ಮನೆಯಲ್ಲಿ ಎಲ್ಲರೂ ಅವರದೇ ದನಿಯಲ್ಲಿ ಆಡಿ ತೋರಿಸುತ್ತಾರೆ: “ಹೊಟ್ಟೆ ಕೊಯ್ದು, ಕತ್ತರಿ ಒಳಗೇ ಬಿಟ್ಟು ಹೊಲಿದ ಹಾಗೆ ಮಾಡಿದ್ರಲ್ಲ ಮಾರಾಯ್ರೆ! ನಾನು ಹಗಲಿಡೀ ಮಾಡುವ ಕೆಲಸ ಎಂತದು ಅಂತ ನಿಮಗೆ ಒಂದು ದಿವಸ ಆದ್ರೂ ಗೊತ್ತಾಯ್ತಾ?”

ರೇಸು ಬಿಡಿ ಎನ್ನಲಿಲ್ಲ. ಮರುವಾರ ಒಂದೂವರೆ ಮೀಟರು ಉದ್ದದ ದಪ್ಪ ಹಸಿರು ಬಟ್ಟೆ ತಂದು ನೆಲಕ್ಕೆ ಹಾಸಿದರು. ಅಣ್ಣುವಿನ ಪೆಟ್ಟಿಗೆಯ ಒಂದೊಂದು ಸಾಮಾನನ್ನೂ ಅದರ ಮೇಲಿಟ್ಟು, ಸುತ್ತ ಬಿಳಿ ಬಣ್ಣದಲ್ಲಿ ಗೆರೆ ಎಳೆದು, ಒಳಗೆ ಹೆಸರು, ಅಳತೆ ಬರೆದರು. ಸ್ಪಾನರು, ಸ್ಕ್ರೂಡ್ರೈವರು, ಸುತ್ತಿಗೆ, ಇಕ್ಕಳ, ಒಟ್ಟು ನಲವತ್ತೊಂದು. ಇನ್ನು ಮುಂದೆ ಕಾರಿನ ಕೆಲಸ ಮುಗಿದ ಮೇಲೆ ಪ್ರತಿಯೊಂದೂ ತನ್ನ ಗೆರೆಯೊಳಗೆ ಬಂದು ಮಲಗಬೇಕು. ಕುಸುಮಾವತಿ ಬೆರಳಿಟ್ಟು ತುಳುವಿನಲ್ಲಿ, ಒಂಜಿ, ರಡ್ಡ್, ಮೂಜಿ ಎಂದು ಎಣಿಸಿ ನಾಲ್ಪತ್ತೊಂಜಿ ಮುಟ್ಟಿಸಿ ‘ಸರಿ’ ಎನ್ನಬೇಕು. ಅಲ್ಲಿಯ ತನಕ ಎಂಜಿನ್ ಸ್ಟಾರ್ಟ್ ಮಾಡುವ ಹಾಗಿಲ್ಲ.

ಟ್ರ್ಯಾಕಿನಲ್ಲಿ ಮೊದಮೊದಲು ಎಲ್ಲರೂ ನಕ್ಕರು. ಶನಿವಾರ ಟಯರು ಹೊರಲು ಬರುತ್ತಿದ್ದ ತ್ರಿವಿಕ್ರಮ, ಸಿಡ್ನಿಯ ನಾರ್ವೆಸ್ಟ್‌ನ ಆಫೀಸಿನ ಸಾಫ್ಟ್‌ವೇರಿನವನು, “ಆಂಟಿ, ಇದನ್ನ ಲ್ಯಾಪ್‌ಟಾಪಲ್ಲಿ ಹಾಕ್ಕೊಡ್ತೀನಿ, ಟಿಕ್ ಮಾಡ್ತಾ ಹೋದ್ರೆ ಆಯ್ತು” ಎಂದ.

“ಆ ಗ್ರೀಸು ಕೈಯಲ್ಲಿ ನಿನ್ನ ಲ್ಯಾಪ್‌ಟಾಪ್ ಮುಟ್ತೇನೆ, ಆಗ್ಬಹುದಾ?” ಎಂದರು ಕುಸುಮಾವತಿ. ಅವನು ಟಯರು ಹೊರಲು ಹೋದ.

ಎರಡು ವರ್ಷ ಕಳೆಯುವಷ್ಟರಲ್ಲಿ ಪಕ್ಕದ ಟೀಮಿನವರೂ ಬಟ್ಟೆ ಹಾಸತೊಡಗಿದ್ದರು. ಅವರದ್ದು ನೀಲಿ. ಅಣ್ಣುವಿನ ಟೀಮು ಆರು ವರ್ಷದಲ್ಲಿ ಒಂದು ಕಪ್ಪೂ ಗೆಲ್ಲಲಿಲ್ಲ. ಒಮ್ಮೆ ಮೂರನೆಯ ಸ್ಥಾನ ಬಂತು, ಅದೂ ಮುಂದಿದ್ದ ಇಬ್ಬರು ಒಬ್ಬರಿಗೊಬ್ಬರು ಗುದ್ದಿಕೊಂಡಿದ್ದರಿಂದ. ಆದರೆ ಮರೆತ ಸಾಮಾನಿನಿಂದ ಯಾರಿಗೂ ಏನೂ ಆಗಲಿಲ್ಲ. ಅಣ್ಣುವಿನ ಕಣ್ಣು ಮಂಜಾದ ಮೇಲೆ ಪ್ರೀತಮ್ ಡ್ರೈವರ್ ಆದ. ಕೆಲಸಕ್ಕೆಂದು ಮೆಲ್ಬರ್ನಿಗೆ ಬಂದ ಅವನು ಮನೆ ಕೊಳ್ಳುವಾಗ ಮೊದಲು ನೋಡಿದ್ದು ಗ್ಯಾರೇಜು. ಅಡುಗೆಮನೆ ಇದೆಯೆಂದು ಅವನಿಗೆ ತಿಳಿದದ್ದು ಆಮೇಲೆ. ಟೀಮೂ ಹಿಂದೆಯೇ ಬಂತು. ರೇಸಿನ ವಾರ ಕುಸುಮಾವತಿ ಹಸಿರು ಬಟ್ಟೆ ಮಡಚಿ ಕೈಚೀಲದಲ್ಲಿಟ್ಟುಕೊಂಡು ವಿಮಾನ ಹತ್ತುತ್ತಿದ್ದರು. ಒಮ್ಮೆ ಏರ್‌ಪೋರ್ಟಿನಲ್ಲಿ ತಪಾಸಣೆಯವನು ಬಟ್ಟೆ ಬಿಡಿಸಿ, ಸುತ್ತಿಗೆ ಸ್ಕ್ರೂಡ್ರೈವರುಗಳ ನೆರಳುಗಳನ್ನು ನೋಡಿ, ಇವೆಲ್ಲ ಎಲ್ಲಿ ಎಂದು ಗಾಬರಿಯಿಂದ ಕೇಳಿದನಂತೆ. “ಅದನ್ನೇ ನೋಡ್ಲಿಕ್ಕೆ ಹೋಗ್ತಾ ಇದ್ದೇನೆ” ಎಂದರಂತೆ ಕುಸುಮಾವತಿ.

ನಿಶ್ಮಿತಾ ಈ ಮನೆಗೆ ಸೊಸೆಯಾಗಿ ಬಂದು ಎರಡು ವರ್ಷ. ಬೆಂಗಳೂರಿನಲ್ಲಿ ಓದಿ ಬೆಳೆದವಳು. ಇಸ್ತ್ರಿಪೆಟ್ಟಿಗೆ ಆಫ್ ಆಗಿದೆಯೇ ಎಂದು ಅರ್ಧ ದಾರಿಯಿಂದ ಹಿಂದಿರುಗುವವಳು. ಮಲಗಿದ ಮಗುವಿನ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುವವಳು. ಪ್ರೀತಮ್ ಅವಳನ್ನು ‘ಸೇಫ್ಟಿ ಮಿನಿಸ್ಟರ್’ ಎಂದು ಕರೆಯುತ್ತಿದ್ದ. ಅತ್ತೆ ಮಾತ್ರ ಎಂದೂ ನಕ್ಕಿರಲಿಲ್ಲ. ನಿರೀಕ್ಷಾ ಹುಟ್ಟಿದಾಗ ಬಾಣಂತನಕ್ಕೆ ಬಂದಿದ್ದ ಅವರು, ನಿಶ್ಮಿತಾ ಹಾಲಿನ ಬಾಟಲಿಗಳನ್ನು ಕುದಿಸಿ, ಒಂದೊಂದರ ಮುಚ್ಚಳ, ಬಿರಡೆ, ನಿಪ್ಪಲು ಎಲ್ಲವನ್ನೂ ಸಾಲಾಗಿ ಜೋಡಿಸಿ ಎರಡೆರಡು ಸಲ ಎಣಿಸುವುದನ್ನು ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದ್ದರು.

ಹೋದ ನವೆಂಬರಿನಲ್ಲಿ ನಿಶ್ಮಿತಾ ಟ್ರ್ಯಾಕಿಗೆ ಹೋಗಿದ್ದಳು. ಮಗು ಎದೆಯ ಮೇಲೆ, ಜೀವ ಬಾಯಲ್ಲಿ. ಅತ್ತೆ ಎಣಿಸಲು ಕೂತಾಗ ಕಿವಿಯ ಬಳಿ ಬಗ್ಗಿ, “ಅತ್ತೆ, ಇವತ್ತೊಂದಿನ ಒಂದು ಕಡಿಮೆ ಇದೆ ಅಂತ ಹೇಳ್ಬಿಡಿ. ಪ್ಲೀಸ್. ಅವರು ಹುಡುಕ್ತಾ ಇರೋವಷ್ಟರಲ್ಲಿ ರೇಸ್ ಮುಗಿದುಹೋಗುತ್ತೆ” ಎಂದಳು.

ಕುಸುಮಾವತಿ ಬೆರಳನ್ನು ಎಣಿಕೆಯ ಜಾಗದಿಂದ ಕದಲಿಸಲಿಲ್ಲ. “ಹೆದರಿಕೆ ನನಗೂ ಉಂಟು ಮಗಾ. ಆದ್ರೆ ಒಂದು ಸಲ ಸುಳ್ಳು ಲೆಕ್ಕ ಹೇಳಿದ್ರೆ, ನಾಳೆ ನಾನು ನಿಜವಾಗಿ ಕಡಿಮೆ ಉಂಟು ಹೇಳಿದಾಗ ಅವರು ಕೇಳ್ತಾರಾ?” ಎಂದು, ಇಪ್ಪತ್ತಮೂರರಿಂದ ಮುಂದೆ ಎಣಿಸಿದರು.

ಮೊನ್ನೆ ಗುರುವಾರ ವೆಸ್ಟ್‌ಮೀಡ್‌ನಿಂದ ನಿಶ್ಮಿತಾಳ ಹೆಸರಿಗೆ ಒಂದು ಪಾರ್ಸೆಲ್ ಬಂತು. ಒಳಗೆ ಹಸಿರು ಬಟ್ಟೆ. ಜೊತೆಗೆ ಒಂದು ಚೀಟಿ: ‘ಒಗೆಯಬೇಡ, ಗೆರೆ ಹೋಗ್ತದೆ.’

ಅವಳು ಬಟ್ಟೆಯನ್ನು ಬೀರುವಿನಲ್ಲಿ ಟವೆಲುಗಳ ಅಡಿಗೆ ತಳ್ಳಿ ಯಾರಿಗೂ ಹೇಳಲಿಲ್ಲ. ಶುಕ್ರವಾರ ಸಿಡ್ನಿಯಿಂದ ಬಂದಿಳಿದ ಅಣ್ಣು, “ಬಟ್ಟೆ ಎಲ್ಲಿ ಅಂತ ಕೇಳಿದ್ದಕ್ಕೆ, ಕೊಡಬೇಕಾದವರಿಗೆ ಕೊಟ್ಟಾಗಿದೆ ಹೇಳ್ತಾಳೆ. ಮಾತ್ರೆಯ ಅಮಲು ಇರಬೇಕು” ಎಂದರು. ಪ್ರೀತಮ್ ಭುಜ ಕುಣಿಸಿ, “ಪರ್ವಾಗಿಲ್ಲ ಡ್ಯಾಡ್, ಫಾರ್ಟಿವನ್ ತಾನೇ? ನಾವೇ ಎಣ್ಸೋಣ” ಎಂದ. ನಿಶ್ಮಿತಾ ಪಾತ್ರೆ ತೊಳೆಯುತ್ತಲೇ ಇದ್ದಳು.

ಈಗ ಎರಡೂ ನಲವತ್ತಕ್ಕೆ ಫೋನು ಗುನುಗಿತು. ಪ್ರೀತಮ್‌ನ ಮೆಸೇಜು: ‘ಒಂದು ಕಮ್ಮಿ ಇದೆ. ನಲವತ್ತೇ. ಯಾವುದು ಅಂತ ಗೊತ್ತಾಗ್ತಿಲ್ಲ. ಡ್ಯಾಡ್ ಬಿಡ್ತಿಲ್ಲ, ಕಾರೆಲ್ಲ ಹುಡುಕಿಸ್ತಿದ್ದಾರೆ. ಅಮ್ಮಂಗೆ ಹೇಳ್ಬೇಡ, ವಾಕರ್ ಹಿಡ್ಕೊಂಡು ಹೊರಟುಬಿಡ್ತಾಳೆ.’

ಎಣಿಸಿದ್ದಾರೆ! ಮೊದಲು ಅವಳಿಗಾದದ್ದು ಸಮಾಧಾನ. ಮಗುವನ್ನು ಸುತ್ತಾಡಿಸೋಣ ಎಂದು ಪ್ರ್ಯಾಮ್ ಹೊರಗೆಳೆದಳು. ಅಡಿಯ ಬುಟ್ಟಿಯಲ್ಲಿ ಏನೋ ಠಣ್ ಎಂದಿತು.

ಹದಿಮೂರು ಮಿಲಿಮೀಟರಿನ ಸ್ಪಾನರು.

ಬುಧವಾರ ಪ್ರ್ಯಾಮಿನ ಚಕ್ರ ಅಲ್ಲಾಡುತ್ತಿದೆ, ನಡುರಸ್ತೆಯಲ್ಲಿ ಕಳಚಿಬಿದ್ದರೆ ಏನು ಗತಿ ಎಂದು ಗ್ಯಾರೇಜಿನ ಪೆಟ್ಟಿಗೆಯಿಂದ ತೆಗೆದು ನಟ್ಟು ಬಿಗಿದಿದ್ದಳು. ವಾಪಸು ಇಟ್ಟಿರಲಿಲ್ಲ.

ಅವಳು ಸ್ಪಾನರು ಹಿಡಿದು ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟಳು. ಇಷ್ಟು ದಿನ ಬೇಡಿಕೊಂಡದ್ದು ತಾನಾಗಿ ಕೈಗೆ ಬಂದಿತ್ತು. ಒಂದು ಸುಳ್ಳನ್ನೂ ಆಡಬೇಕಿಲ್ಲ. ಸುಮ್ಮನಿದ್ದರೆ ಸಾಕು. ಮಾವ ಹುಡುಕುತ್ತಾರೆ, ಸಿಗುವುದಿಲ್ಲ, ಮೂರೂವರೆ ದಾಟುತ್ತದೆ, ಗಂಡ ಒಂದು ಗೀರೂ ಇಲ್ಲದೆ ಸಂಜೆ ಮನೆಗೆ ಬರುತ್ತಾನೆ. ಕೇಕಿನ ಮೇಲಿನ ನೂರನ್ನು ಚಾಕುವಿನಿಂದ ಸವರಿ ಅಳಿಸಬಹುದು.

ಎರಡೂ ಐವತ್ತೈದು. ಮೂರು. ನಿರೀಕ್ಷಾ ತೆವಳಿಕೊಂಡು ಬಂದು ಸ್ಪಾನರಿಗೆ ಕೈಹಾಕಿದಳು.

ಎಪ್ಪತ್ತರ ಹತ್ತಿರದ ಮಾವ, ಮಣ್ಣಿನಲ್ಲಿ ಅಂಗಾತ ಮಲಗಿ, ಇಲ್ಲದ ಸಾಮಾನನ್ನು ಕಾರಿನಡಿ ಹುಡುಕುತ್ತಿರುವುದು ಅವಳ ಕಣ್ಣಿಗೆ ಕಟ್ಟಿತು. ಆಮೇಲೆ ಇನ್ನೊಂದು ಯೋಚನೆ ಬಂತು. ಇವತ್ತು ಸಿಗದೆ ಸೋತವರು ಮುಂದಿನ ಸಲ ಕಡಿಮೆ ಬಂದರೆ, ‘ಹೋದ ಸಲವೂ ಹೀಗೇ ಆಗಿತ್ತು, ಕಾರಿನಲ್ಲಿ ಏನೂ ಇರಲಿಲ್ಲ’ ಎಂದು ಕಾರು ಬಿಟ್ಟರೆ?

ಅವಳು ಎದ್ದು ಹೋಗಿ ಟವೆಲುಗಳ ಅಡಿಯಿಂದ ಹಸಿರು ಬಟ್ಟೆ ಎಳೆದಳು. ನೆಲಕ್ಕೆ ಹಾಸಿ, ಹದಿಮೂರರ ಸ್ಪಾನರನ್ನು ಅದರ ಗೆರೆಯೊಳಗೆ ಮಲಗಿಸಿದಳು. ಫೋನು ಕೈಗೆತ್ತಿಕೊಂಡಳು.

“ಮಾವ, ಹದಿಮೂರು ನನ್ನ ಹತ್ರ ಇದೆ. ಪ್ರ್ಯಾಮಿಗೆ ತಗೊಂಡಿದ್ದೆ. ತಪ್ಪಾಯ್ತು.”

“ಅಯ್ಯೋ ಮಗಾ, ಪ್ರ್ಯಾಮಿಗಾ! ನಾವಿಲ್ಲಿ ಎಂಜಿನ್ ಇಳಿಸ್ಲಿಕ್ಕೆ ಹೊರಟಿದ್ದೆವು!” ಅಣ್ಣು ದೊಡ್ಡದಾಗಿ ನಗತೊಡಗಿದರು. ಹಿಂದಿನಿಂದ ಪ್ರೀತಮ್ ಕೂಗಿದ: “ಸೇಫ್ಟಿ ಮಿನಿಸ್ಟರ್ರೇ ಕಳ್ಳಿ! ಡ್ಯಾಡ್, ಫಾರ್ಟಿ ಪ್ಲಸ್ ಒನ್, ಮುಗೀತು. ಲೆಟ್ಸ್ ಗೋ!”

“ಇಲ್ಲ,” ಎಂದಳು ನಿಶ್ಮಿತಾ. ಅವಳ ದನಿ ಅವಳಿಗೇ ಹೊಸದಾಗಿ ಕೇಳಿಸಿತು. “ಬಟ್ಟೆ ನನ್ನ ಮುಂದೆ ಇದೆ. ಅತ್ತೆ ನನಗೆ ಕಳಿಸಿದ್ದಾರೆ. ಒಂದೊಂದೇ ಹೆಸರು ಹೇಳ್ತೀನಿ, ನೀವು ಕೈಯಲ್ಲಿ ಹಿಡಿದು ಹೂಂ ಅನ್ನಬೇಕು.”

“ನಿಶ್, ಕಮ್ ಆನ್, ಟೈಮ್ ನೋಡು!”

“ನೋಡ್ತಾ ಇದ್ದೀನಿ. ಮೂರೂ ಹತ್ತು. ಮಾವ, ಎಂಟರ ಸ್ಪಾನರ್?”

“ಹೂಂ.”

“ಒಂಜಿ. ಹತ್ತರದು?”

“ಹೂಂ.”

“ರಡ್ಡ್.”

ಹೀಗೆ ಮುಂದುವರಿದು ಮೂವತ್ತಾರಕ್ಕೆ ಬಂದಾಗ ಅಣ್ಣು ಹೂಂ ಅನ್ನಲಿಲ್ಲ.

“ಚಿಕ್ಕ ಇಕ್ಕಳ, ಮಾವ. ಕೆಂಪು ಹಿಡಿಯದ್ದು.”

“ಇಕ್ಕಳ… ತಡಿ. ಇದು ಎಂತದು? ಟಾರ್ಚ್. ಟಾರ್ಚ್ ಪೆಟ್ಟಿಗೆಗೆ ಹಾಕಿದ್ದು ಯಾರು ಮಾರಾಯ? ನಾನು ಇದನ್ನೂ ಸೇರಿಸಿ ಎಣಿಸಿದ್ದೇನೆ!”

“ಹಾಗಾದ್ರೆ ಇಕ್ಕಳ ಕಾರಲ್ಲಿದೆ,” ಎಂದಳು ನಿಶ್ಮಿತಾ. “ಪ್ರೀತಮ್, ಕೊನೆಗೆ ಎಲ್ಲಿ ಕೈಹಾಕಿದ್ದೆ?”

ತಗಡಿನ ಸದ್ದು, ಯಾರೋ ತೆವಳುವ ಸದ್ದು. ಬಹಳ ಹೊತ್ತಿನ ಮೇಲೆ ಪ್ರೀತಮ್ ಫೋನಿಗೆ ಬಂದ. ದನಿ ಚಿಕ್ಕದಾಗಿತ್ತು. “ಬ್ರೇಕ್ ಪೆಡಲ್ ಹಿಂದುಗಡೆ ಇತ್ತು, ನಿಶ್.”

ಅವಳು ಬೆರಳನ್ನು ಇಕ್ಕಳದ ಗೆರೆಯ ಮೇಲೆ ಒತ್ತಿ ಹಿಡಿದಳು. ಅಳು ಬರುವ ಮುಂಚೆ, “ಆಜಿ ಮೂವತ್ತು” ಎಂದುಬಿಟ್ಟಳು.

“ಮುಪ್ಪತ್ತಾಜಿ ಹೇಳ್ಬೇಕು ಮಗಾ,” ಎಂದರು ಅಣ್ಣು.

“ಮುಪ್ಪತ್ತಾಜಿ. ಮುಂದಿಂದು, ದೊಡ್ಡ ಸುತ್ತಿಗೆ?”

“ಹೂಂ.”

ಮೂರೂ ಇಪ್ಪತ್ತಕ್ಕೆ ಬೆರಳು ಕೊನೆಯ ಗೆರೆ ಮುಟ್ಟಿತು. ನಾಲ್ಪತ್ತೊಂಜಿ. ಅತ್ತ ಕಡೆ ಇಬ್ಬರೂ ಕಾಯುತ್ತಿದ್ದರು. ಬಟ್ಟೆಯ ಮೇಲೆ ಕೂತ ಮಗುವನ್ನು ಸ್ವಲ್ಪ ಸರಿಸಿ, ಅವಳು ಇನ್ನೊಮ್ಮೆ ಮೇಲಿನಿಂದ ಕೆಳಗೆ ಕಣ್ಣಾಡಿಸಿದಳು.

“ಸರಿ,” ಎಂದಳು.

ಎಂಜಿನ್ ಗುಡುಗಿತು. ಆ ಗದ್ದಲದ ಮೇಲೆ ಅಣ್ಣು ಕೂಗಿದರು: “ಫೋನ್ ಇಡ್ಲಾ ಮಗಾ? ಅತ್ತೆಗೆ ಹೇಳ್ಬೇಕು!”

“ಇಡ್ಬೇಡಿ ಮಾವ, ಕಾರು ವಾಪಸ್ ಬರೋವರೆಗೂ ಇಡ್ಲೇಬೇಡಿ. ಬಂದ ಮೇಲೆ ಇನ್ನೊಂದ್ಸಲ ಎಣಿಸ್ಬೇಕು. ಅತ್ತೆಗೆ ನಾನೇ ಹೇಳ್ತೀನಿ.”