ನನ್ನ ಅಳತಿ ಕುಬಸ

ಕಾಲೇಜು ಬಿಟ್ಟು ಮುಂಬೈಗೆ ಓಡಿ ಬಂದವಗ ಹೊಲಿಗಿ ಮಷೀನಿನ ಅಂಗಡಿಯವರು ಬಿಟ್ರ ಯಾರೂ ಕೆಲಸ ಕೊಡಲಿಲ್ಲ. ಗಿರಾಕಿಗಳ ಮನೀಗೆ ಹೋಗಿ ಹೊಲಿಯೋದು ಕಲಿಸೋದು ನನ್ನ ನೌಕರಿ.

ಚೆಂಬೂರಿನ ಒಂದು ಚಾಳಿನ್ಯಾಗ ಬೆಳಗಾವಿ ಕಡೆ ಸೊಸಿ ಶಾಂತಾ, ತನ್ನ ಕುಬಸ ತಾನೇ ಹೊಲೀಬೇಕಂತ ಹಟ ಹಿಡಿದು, ಒಂದು ವಾರದ ಟ್ರಾಯಲ್ ಮ್ಯಾಲೆ ಮಷೀನು ತರಿಸಿದ್ಲು.

"ಶನಿವಾರದೊಳಗ ಒಂದರ ನೆಟ್ಟಗ ಹೊಲಿ, ಇಲ್ಲಾಂದ್ರ ಈ ಡಬ್ಬಾ ವಾಪಸ್," ಅಂದಿದ್ಲು ಅತ್ತಿ.

ನಾನು ಅಳತಿ ಟೇಪ್ ತಗದೆ. ಅತ್ತಿ ಲಟ್ಟಣಿಗಿ ತಗದ್ಲು.

"ಸೊಸಿನ್ನ ಮುಟ್ಟಿದ್ರ ಕೈ ಮುರೀತೀನಿ, ಮಾಸ್ತರ!"

"ನೀವರ ಹಿಡೀರಿ ಮಾವಶಿ, ನನಗ ಅಂಕಿ ಹೇಳ್ರಿ."

"ಹೆಂಗಸರ ಎದಿ ಅಳತಿ ನಿನಗ್ಯಾಕೋ ಭಾಡ್ಯಾ? ನಿನ್ನದೇ ಹಿಡೀತೀನಿ, ಬಾ."

ಹಿಡಿದೇಬಿಟ್ಲು. ಶಾಂತಾ ಮುಸಿಮುಸಿ ನಗಕೋತ ಬರಕೊಂಡ್ಲು. ನಾಕು ದಿನ ಅದೇ ಅಳತಿಗೆ ಕತ್ತರಿಸಿದ್ಲು, ಹೊಲಿದ್ಲು, ಬಿಚ್ಚಿದ್ಲು, ಮತ್ತ ಹೊಲಿದ್ಲು.

ಶನಿವಾರ ಹಸರು ಕುಬಸ ತಯಾರಾತು.

"ತೊಡು," ಅಂದ್ಲು ಅತ್ತಿ, ನನಗ.

ಬನಿಯನ್ ಮ್ಯಾಲೆ ತೊಟ್ಟು ಗ್ಯಾಲರಿಯೊಳಗ ನಿಂತೆ. ಇಡೀ ಚಾಳು ನೋಡಾಕ ಬಂತು. "ಕೈ ಎತ್ತು, ಬಗ್ಗು, ತಿರುಗು," ಅಂತ ಅತ್ತಿ ಹುಕುಂ ಮಾಡಿದ್ಲು. ಒಂದು ಹೊಲಿಗಿನೂ ಬಿಚ್ಚಲಿಲ್ಲ.

"ಈ ಬಡಕ ಮಂಗ್ಯಾನ ಮೈಮ್ಯಾಲೆ ಇಷ್ಟು ಚಂದ ಕೂತದಂದ್ರ ನನಗೂ ಒಂದು ಹೊಲಿ, ಶಾಂತಾ. ಒಳಗ ಕಿಸೆ ಇರಲಿ," ಅಂದ್ಲು ಅತ್ತಿ.

ಅತ್ತಿ ಮನಸ್ಸು ತಿರುಗೋದರೊಳಗ ಶಾಂತಾ ಮಷೀನಿನ ಮುಂದ ಕೂತಿದ್ಲು.

ಅಂಗಡಿ ರಿಪೋರ್ಟಿನ್ಯಾಗ "ಕುಬಸ ಸರಿಯಾಗಿ ಕೂತದ" ಅಂತ ಬರದೆ. ಯಾರಿಗೆ ಅಂತ ಕೇಳೋ ಕಾಲಂ ಪುಣ್ಯಕ್ಕ ಅದರಾಗ ಇರಲಿಲ್ಲ.